ಭಾನುವಾರದ ಆರಾಧನೆ, ಸಂಗೀತ ಧ್ಯಾನ: ಬಳ್ಳಾರಿಯ ನಮ್ಮ ಸಭೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಊರಿಗೆ ಬಂದೋರು, ಮದುವಿಯಾಗಿ ನಮ್ಮ ಸಭೆಗೆ ಸೇರಿದೋರು, ತೋರಣಗಲ್ ಕಡೆ ಕೆಲಸಕ್ಕ ಬಂದ ಹುಡುಗ್ರು, ಸುಮ್ನ ಕುತೂಹಲಕ್ಕ ಕೇಳೋ ಪಕ್ಕದ ಮನೆಯೋರು, ಎಲ್ಲಾರೂ ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳ್ತಾರ. ಅದಕ್ಕ ಒಂದ್ಕಡೆ ಬರ್ದಿಟ್ಟೀನಿ. ನಾನು ಸಭಾಪಾಲಕ ಅಲ್ಲ, ಕ್ವಾಯರ್‌ನಾಗ (ಸಭೆಯ ಹಾಡುಗಾರರ ಗುಂಪಿನಾಗ) ಹಾಡೋನು, ಆರಾಧನೆಗೆ ಮುಂಚೆ ಸಂಗೀತ ಧ್ಯಾನ ನಡೆಸೋರಲ್ಲಿ ಒಬ್ಬ. ಹಂಗಾಗಿ ಹಾಡಿನ ಬಗ್ಗೆ ಜಾಸ್ತಿ ಬರ್ದೀನಿ, ಉಳಿದಿದ್ದು ಬೇಕಾದಷ್ಟು.

ನಿಮ್ದು ಆಂಗ್ಲಿಕನ್ ಚರ್ಚಾ, ಸಿಎಸ್‌ಐ ಚರ್ಚಾ?

ಎರಡೂ ಹೌದು ರೀ. ಆಂಗ್ಲಿಕನ್ ಅಂದ್ರ ಇಂಗ್ಲೆಂಡಿನ ಚರ್ಚಿನ ಮನೆತನದೋರು. 1947ರ ಸೆಪ್ಟೆಂಬರ್ 27ಕ್ಕ ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಾಗ ಆಂಗ್ಲಿಕನ್‌ರು, ಮೆಥಡಿಸ್ಟ್‌ರು, ಮತ್ತ ಅದಕ್ಕ ಮುಂಚೇನೇ ಒಂದಾಗಿದ್ದ ಪ್ರೆಸ್ಬಿಟೇರಿಯನ್-ಕಾಂಗ್ರಿಗೇಶನಲ್ ಸಭೆಗಳು ಸೇರಿ ದಕ್ಷಿಣ ಭಾರತ ಸಭೆ ಆತು, ಅದೇ ಸಿಎಸ್‌ಐ. ಇವತ್ತು ಸಿಎಸ್‌ಐ ಜಗತ್ತಿನ ಆಂಗ್ಲಿಕನ್ ಬಳಗದಾಗೂ ಐತಿ. ಬಿಷಪ್ಪರು ಅದಾರ, ಬರೆದಿಟ್ಟ ಆರಾಧನಾ ಕ್ರಮ ಐತಿ, ಕಾಲಕ್ಕ ತಕ್ಕಂತೆ ಓದೋ ಸತ್ಯವೇದದ (ಬೈಬಲಿನ) ಪಾಠಗಳನ್ನ ಮೊದಲೇ ಗೊತ್ತುಮಾಡಿರ್ತಾರ. ಇದೆಲ್ಲ ಆಂಗ್ಲಿಕನ್ ಮನೆಯಿಂದ ಬಂದಿದ್ದು.

ಬಳ್ಳಾರಿಯಾಗ ಈ ಸಭೆ ಹೆಂಗ ಬಂತು?

ಎರಡು ಹೊಳಿ ಬ್ಯಾರೆ ಬ್ಯಾರೆ ಕಡೆಯಿಂದ ಹರಿದು ಬಂದು ಕೂಡಿದಂಗ ಐತಿ ನಮ್ಮ ಕಥಿ. 1800ರಾಗ ನಿಜಾಮರು ಬಳ್ಳಾರಿ ಸೀಮೆಯನ್ನ ಕಂಪನಿಗೆ ಬಿಟ್ಟುಕೊಟ್ಟರು, ಆಮ್ಯಾಲೆ ಇಲ್ಲಿ ದೊಡ್ಡ ಕಂಟೋನ್ಮೆಂಟ್ ಆತು, ಸಿಪಾಯಿಗಳ ಸಲುವಾಗಿ ಇಂಗ್ಲಿಷ್ ಚರ್ಚಿನ ಚಾಪ್ಲಿನ್‌ಗಳು (ಪಲ್ಟನ್ನಿನ ಪಾದ್ರಿಗಳು) ಬಂದ್ರು, ಇಂಗ್ಲಿಷ್ ಪ್ರಾರ್ಥನಾ ಪುಸ್ತಕ, ಇಂಗ್ಲಿಷ್ ಹಾಡು. ಅದು ಒಂದು. ಇನ್ನೊಂದು, 1810ರಾಗ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅನ್ನೋರು ಬಳ್ಳಾರಿಗೆ ಬಂದು ಕನ್ನಡ ಕಲ್ತು ಸತ್ಯವೇದವನ್ನ ಕನ್ನಡಕ್ಕ ತರೋಕೆ ಕೂತ್ರು. ಪೂರ್ತಿ ಕನ್ನಡ ಸತ್ಯವೇದ 1831ರಾಗ ಬಳ್ಳಾರಿಯಲ್ಲೇ ಅಚ್ಚಾತು. ಇಲ್ಲೇ ಇದ್ದ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1832ರದ್ದು, ಕಿಟೆಲ್ ನಿಘಂಟಿಗಿಂತ 62 ವರ್ಷ ಮೊದಲು. ನಮ್ಮೂರಿನ ಹುಡುಗ್ರಿಗೆ ಇದು ಗೊತ್ತೇ ಇರಂಗಿಲ್ಲ, ಬಳ್ಳಾರಿ ಅಂದ್ರ ಗಣಿ, ಜೀನ್ಸು, ಬಿಸಿಲು ಅಷ್ಟೇ ಅಂದ್ಕೊಂಡಿರ್ತಾರ, ನನಗ ಅದು ಬ್ಯಾಸರ ಆಗ್ತೈತಿ, ಕನ್ನಡದಾಗ ಮೊದಲನೇ ಸಲ ಪೂರ್ತಿ ಸತ್ಯವೇದ ಅಚ್ಚಾದ ಊರು ಇದು. ಲಂಡನ್ ಮಿಷನ್‌ನೋರು ಆಂಗ್ಲಿಕನ್ ಅಲ್ಲ, ಅವರ ಆರಾಧನೆ ಸರಳ. 1947ರ ಮ್ಯಾಲೆ ಕಂಟೋನ್ಮೆಂಟಿನ ಪ್ರಾರ್ಥನಾ ಪುಸ್ತಕದೋರೂ ಪ್ಯಾಟಿಯ ಕನ್ನಡ ಸಭೆಯೋರೂ ಒಂದೇ ಸಭೆಯೋರಾದ್ರು.

ಕನ್ನಡದಾಗ ನಡೀತೈತಾ, ತೆಲುಗಿನಾಗಾ?

ಮುಖ್ಯ ಆರಾಧನೆ ಕನ್ನಡ. ಆದ್ರ 1953ರ ಅಕ್ಟೋಬರ್ 1ರ ತನಕ ಬಳ್ಳಾರಿ ಮದ್ರಾಸ್ ರಾಜ್ಯದಾಗಿತ್ತು, ಸುತ್ತಮುತ್ತ ಅನಂತಪುರ, ಕರ್ನೂಲು, ಆದೋನಿ. ಹಂಗಾಗಿ ಬೆಂಚಿನಾಗ ಕೂತೋರಲ್ಲಿ ಎಷ್ಟೋ ಮಂದಿ ಮನ್ಯಾಗ ತೆಲುಗು ಮಾತಾಡ್ತಾರ, ಪ್ರಾರ್ಥನೆ ಮಾತ್ರ ಕನ್ನಡದಾಗ ಮಾಡ್ತಾರ. ಹಬ್ಬದ ದಿನ ಒಂದು ತೆಲುಗು ಹಾಡು ಇದ್ದೇ ಇರ್ತೈತಿ, ಸ್ಟೀಲ್ ಪ್ಲಾಂಟಿನ ಕಡೆಯಿಂದ ಬರೋ ತಮಿಳು ಮಲಯಾಳಿ ಕುಟುಂಬಗಳು ಇದ್ದ ದಿನ ಒಂದು ಪಾಠ ಇಂಗ್ಲಿಷಿನಾಗೂ ಓದ್ತೀವಿ.

ಎಷ್ಟೊತ್ತಿಗೆ ಬರ್ಬೇಕು?

ಬೆಳಿಗ್ಗೆ ಎಂಟೂವರೆಗೆ ಆರಾಧನೆ, ಅದಕ್ಕ ಮುಂಚೆ ಹಾಡಿನ ಧ್ಯಾನ, ಎಂಟೂಕಾಲಿಗೆ ಬಂದ್ರ ಛಲೋ. ಬ್ಯಾಸಿಗ್ಯಾಗ ಎಲ್ಲಾ ಒಂದು ಗಂಟೆ ಮುಂಚೆ, ಏಪ್ರಿಲ್ ಮೇ ತಿಂಗಳು ಇಲ್ಲಿನ ಬಿಸಿಲು ಗೊತ್ತೇ ಐತಲ್ಲ, ಹತ್ತು ಗಂಟೆಗೇ ನೆತ್ತಿ ಸುಡ್ತೈತಿ, ವಯಸ್ಸಾದೋರು ಮನಿ ಮುಟ್ಟಬೇಕು.

ಆರಾಧನೆಯಾಗ ಏನೇನು ನಡೀತೈತಿ? ಯಾವಾಗ ಎದ್ದು ನಿಲ್ಬೇಕು ಗೊತ್ತಾಗಂಗಿಲ್ಲ.

ಮುಂದಿನ ಬೆಂಚಿನೋರು ಎದ್ದಾಗ ಏಳ್ರಿ, ಕೂತಾಗ ಕೂಡ್ರಿ, ಅಷ್ಟು ಸಾಕು, ಯಾರೂ ನೋಡ್ತಾ ಇರಂಗಿಲ್ಲ. ಆದ್ರ ಯಾಕ ಅಂತ ಗೊತ್ತಿದ್ರ ಮನಸ್ಸು ಕೂಡ್ತೈತಿ. ಮೊದಲು ಸತ್ಯವೇದವನ್ನ ಮೆರವಣಿಗ್ಯಾಗ ತರ್ತಾರ, ಎಲ್ಲಾರೂ ಎದ್ದು ನಿಂತು ಹಾಡ್ತೀವಿ. ಆಮ್ಯಾಲೆ ಪಾಪದ ಅರಿಕೆ, ಕ್ಷಮೆಯ ಮಾತು, ಆ ಭಾನುವಾರಕ್ಕಂತ ಗೊತ್ತುಮಾಡಿದ ಚಿಕ್ಕ ಪ್ರಾರ್ಥನೆ. ಹಳೇ ಒಡಂಬಡಿಕೆ, ಪತ್ರಿಕೆ (ಅಪೊಸ್ತಲರು ಸಭೆಗಳಿಗೆ ಬರೆದ ಪತ್ರ), ಸುವಾರ್ತೆ (ಯೇಸುವಿನ ಚರಿತ್ರೆ), ಹಿಂಗ ಮೂರು ಪಾಠ. ಸುವಾರ್ತೆಗೆ ನಿಲ್ತೀವಿ. ಪ್ರಸಂಗ (ಉಪದೇಶ), ನಂಬಿಕೆಯ ಪ್ರಮಾಣ, ಊರಿಗೂ ರೋಗಿಗಳಿಗೂ ಮಳಿ ಬೆಳಿಗೂ ಪ್ರಾರ್ಥನೆ.

ಇದಾದ ಮ್ಯಾಲೆ ಬರೋದು ನನಗ ಭಾಳ ಪ್ರೀತಿಯದ್ದು, ಸಮಾಧಾನ ಹಂಚೋದು. ಸಭಾಪಾಲಕರು ಕರ್ತನ ಮೇಜಿನ ಹತ್ರ ನಿಂತೋರಿಗೆ ಕೊಡ್ತಾರ, ಅವರು ಬಂದು ಬೆಂಚಿನ ತುದಿಯೋರಿಗೆ ಕೊಡ್ತಾರ, ಹಂಗೇ ಕೈಯಿಂದ ಕೈಗೆ ಹಿಂದಿನ ಬೆಂಚಿನ ತನಕ ಹೋಗ್ತೈತಿ. ಶೇಕ್‌ಹ್ಯಾಂಡ್ ಅಲ್ಲ ಇದು. ಕೊಡೋರ ಬಲಗೈ ಅಂಗೈ ತಗೊಳ್ಳೋರ ಬಲಗೈ ಅಂಗೈಗೆ ಮುಟ್ಟತೈತಿ, ಇಬ್ಬರ ಎಡಗೈನೂ ಮ್ಯಾಲಿಂದ ಮುಚ್ಚತಾವ, ನಾಲ್ಕು ಕೈ ಒಂದು ಗಂಟು ಆಗ್ತೈತಿ. ಕೇರಳದ ಸಿರಿಯನ್ ಸಭೆಯೋರ ಪದ್ಧತಿ ಇದು, ಸಿಎಸ್‌ಐನೋರು 1950ರಾಗ ಹೊಸ ಆರಾಧನಾ ಕ್ರಮ ಮಾಡಿದಾಗ ತಗೊಂಡ್ರು. ಶೇಂಗಾ ಸುಲಿದು ಒರಟಾದ ಕೈ, ಬ್ಯಾಂಕಿನ ಮ್ಯಾನೇಜರ್ ಕೈ, ಪೌರಕಾರ್ಮಿಕರ ಕೈ, ಹಿಂದಿನ ಕಾಲದಾಗ ಒಂದನ್ನೊಂದು ಮುಟ್ಟದೇ ಇದ್ದ ಕೈಗಳು ಇಲ್ಲಿ ಮುಟ್ಟಲೇಬೇಕು. ಯಾರ ಜೋಡಿ ಮಾತು ಬಿಟ್ಟೀವಿ ಅವರೇ ಪಕ್ಕದಾಗ ಕೂತಿದ್ರ ಆ ದಿನ ಕಷ್ಟ, ಆದ್ರ ಆ ಕಷ್ಟಕ್ಕೇ ಅದನ್ನ ಅಲ್ಲಿ ಇಟ್ಟಾರ, ಕರ್ತನ ಭೋಜನಕ್ಕ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚ್ಕೊಳ್ಳೋದಕ್ಕ) ಹೋಗೋಕೆ ಮುಂಚೆ.

ಮುಂದ ಕಾಣಿಕೆ, ಕರ್ತನ ಭೋಜನ, ಆಶೀರ್ವಾದ, ಕಡೇ ಹಾಡು. ಒಟ್ಟು ಎರಡು ಗಂಟೆ ಒಳಗ.

ಕ್ರೈಸ್ತರಲ್ಲದೋರು ಬರಬಹುದಾ?

ಖಂಡಿತ ಬರ್ರಿ. ಯಾರೂ ಹೆಸರು ಬರ್ಕೊಳ್ಳಂಗಿಲ್ಲ, ಮತಾಂತರದ ಮಾತು ತೆಗಿಯಂಗಿಲ್ಲ. ಕ್ರಿಸ್‌ಮಸ್‌ಗೆ ಅರ್ಧ ಓಣಿ ಬರ್ತೈತಿ, ಕ್ಯಾರಲ್ ಕೇಳ್ಕೊಂಡು ಕೇಕ್ ತಿಂದು ಹೋಗ್ತಾರ. ಹಂಗೇ ಸಾದಾ ಭಾನುವಾರಾನೂ ಬರಬಹುದು. ಚಪ್ಪಲಿ ಕೆಲವರು ಹೊರಗ ಬಿಡ್ತಾರ ಕೆಲವರು ಹಾಕ್ಕೊಂಡೇ ಬರ್ತಾರ, ಎರಡೂ ನಡೀತೈತಿ.

ರೊಟ್ಟಿ, ದ್ರಾಕ್ಷಾರಸ ಯಾರು ತಗೋಬಹುದು?

ದೀಕ್ಷಾಸ್ನಾನ ಆಗಿ ದೃಢೀಕರಣ (ಬಿಷಪ್ಪರ ಮುಂದ ತಮ್ಮ ನಂಬಿಕೆ ತಾವೇ ಒಪ್ಕೊಳ್ಳೋದು) ಆದೋರು. ಬ್ಯಾರೆ ಸಭೆಯಾಗ ಭೋಜನಕ್ಕ ಹೋಗೋರೂ ತಗೋಬಹುದು. ಉಳಿದೋರು ಮುಂದ ಬಂದು ಕೈಕಟ್ಟಿ ತಲಿ ಬಗ್ಗಿಸಿ ಮೊಣಕಾಲೂರಿದ್ರ ಅಯ್ಯನವರು (ಸಭಾಪಾಲಕರು) ತಲಿ ಮ್ಯಾಲೆ ಕೈಯಿಟ್ಟು ಆಶೀರ್ವದಿಸ್ತಾರ. ಮಕ್ಕಳು ಹಂಗೇ ಬರ್ತಾವ.

ಸಂಗೀತ ಧ್ಯಾನ ಅಂದ್ರೇನು? ಬ್ಯಾರೆ ಕಡೆ ಇದು ನೋಡಿಲ್ಲ.

ಆರಾಧನೆ ಶುರು ಆಗೋಕೆ ಮುಂಚೆ ಆ ದಿನ ಹಾಡೋ ಹಾಡುಗಳಲ್ಲಿ ಒಂದನ್ನ ತಗೊಂಡು ಒಬ್ಬರು ಐದು ನಿಮಿಷ ಅದರ ಬಗ್ಗೆ ಮಾತಾಡ್ತಾರ. ಯಾರು ಬರ್ದ್ರು, ಯಾವಾಗ, ಯಾವ ವಚನ ಇಟ್ಕೊಂಡು, ಯಾವ ಚರಣದಾಗ ಏನೈತಿ. ಆಮ್ಯಾಲೆ ಒಂದು ನಿಮಿಷ ಸುಮ್ನ ಕೂಡೋದು. ಅಷ್ಟೇ.

ಯಾಕ ಅಂದ್ರ, ಪ್ರಸಂಗ ಮಂಗಳವಾರಕ್ಕ ಮರ್ತು ಹೋಗ್ತೈತಿ ರೀ, ಎಷ್ಟೇ ಛಲೋ ಪ್ರಸಂಗ ಇರ್ಲಿ. ಹಾಡು ಮರೆಯಂಗಿಲ್ಲ. ಓದು ಬರಹ ಬರದ ನಮ್ಮ ಅಜ್ಜಿಯಂದಿರು ಪೂರ್ತಿ ಪುಸ್ತಕ ಬಾಯಿಪಾಠ ಹಾಡ್ತಿದ್ರು, ಅವರಿಗೆ ದೇವರ ಬಗ್ಗೆ ಏನು ಗೊತ್ತಿತ್ತೋ ಅದೆಲ್ಲ ಹಾಡಿನಿಂದ ಗೊತ್ತಿತ್ತು. ಹಿಂಗಿರುವಾಗ ಬಾಯಿ ಮಾತ್ರ ಹಾಡಿ ಮನಸ್ಸು ಸಾಂಬಾರಿನ ಕಡೆ ಇದ್ರ ಅದು ದೊಡ್ಡ ನಷ್ಟ. ಇನ್ನೊಂದು ಕಾರಣ, ಟೈಮ್ ಆತು ಅಂತ ಎಲ್ಲಾ ಸಭೆಗಳಾಗೂ ಚರಣ ಬಿಡೋ ಚಟ ಶುರುವಾಗೈತಿ, ಒಂದು ಎರಡು ಕಡೇದು ಅಂತ ಹೇಳಿ ಮೂರನೇದನ್ನ ಹಾರಿಸ್ತಾರ. ಹಾಡು ಬರೆದೋರು ಮೂರನೇ ಚರಣದಾಗೇ ಅಸಲಿ ವಿಷಯ ಇಟ್ಟಿರ್ತಾರ ಎಷ್ಟೋ ಸಲ. ಧ್ಯಾನ ಶುರು ಮಾಡಿದ ಮ್ಯಾಲೆ ನಮ್ಮಲ್ಲಿ ಚರಣ ಬಿಡೋದು ನಿಂತೈತಿ.

ಒಂದು ಉದಾಹರಣೆ ಕೊಡ್ರಿ.

ದೆಹಲಿಯಾಗ ಜನವರಿ 29ಕ್ಕ ಬೀಟಿಂಗ್ ರಿಟ್ರೀಟ್ ನಡೀತೈತಲ್ಲ, ಅದರ ಕಡೀಗೆ ಮಿಲಿಟರಿ ಬ್ಯಾಂಡು ಬಾರಿಸ್ತಿದ್ದ ನಿಧಾನದ ಟ್ಯೂನು ಟಿವಿಯಾಗ ಎಲ್ಲಾರೂ ಕೇಳೀರಿ, 2022ರಿಂದ ಅದನ್ನ ಕೈಬಿಟ್ಟಾರ. ‘ಅಬೈಡ್ ವಿತ್ ಮಿ’ ಅಂತ ಹಾಡು, ಗಾಂಧೀಜಿಗೂ ಭಾಳ ಇಷ್ಟ ಇತ್ತು. ಬರೆದೋರು ಹೆನ್ರಿ ಫ್ರಾನ್ಸಿಸ್ ಲೈಟ್, ಇಂಗ್ಲೆಂಡಿನ ಬ್ರಿಕ್ಸ್‌ಹ್ಯಾಮ್ ಅನ್ನೋ ಮೀನುಗಾರರ ಊರಿನಾಗ ಆಂಗ್ಲಿಕನ್ ಪಾದ್ರಿ. ಕ್ಷಯ ಹಿಡಿದಿತ್ತು. 1847ರಾಗ, ತಾವು ತೀರಿಹೋದ ವರ್ಷಾನೇ, ಈ ಹಾಡನ್ನ ಮನಿಯೋರ ಕೈಗೆ ಕೊಟ್ಟು ಗಾಳಿ ಬದಲಾವಣೆಗಂತ ಫ್ರಾನ್ಸಿನ ಕಡೆ ಹೊಂಟ್ರು, ನವೆಂಬರಿನಾಗ ನೀಸ್ ಊರಿನಾಗ ತೀರ್ಕೊಂಡ್ರು. ಈಗ ನಾವು ಹಾಡೋ ಟ್ಯೂನು ವಿಲಿಯಂ ಮಂಕ್ ಅವರದ್ದು, 1861ರದ್ದು, ಲೈಟ್ ಅವರು ಅದನ್ನ ಕೇಳೇ ಇಲ್ಲ.

ಸಂಜೆ ಆತು, ಕತ್ತಲಾತು, ನನ್ನ ಜೋಡಿ ಇರು ಅಂತ ಶುರು ಆಗ್ತೈತಿ, ಅದಕ್ಕ ಎಷ್ಟೋ ಮಂದಿ ಇದನ್ನ ಸಂಜೆ ಆರಾಧನೆ ಹಾಡು ಅಂದ್ಕೊಳ್ತಾರ. ಅಲ್ಲ. ಲೂಕ 24ನೇ ಅಧ್ಯಾಯ ತೆಗೀರಿ, ಎಮ್ಮಾಹು ಊರಿನ ದಾರಿಯಾಗ ಇಬ್ಬರು ಶಿಷ್ಯರು ಗುರುತಿಲ್ಲದ ಪ್ರಯಾಣಿಕನಿಗೆ ಹೊತ್ತು ಮುಳುಗಿತು ನಮ್ಮ ಜೊತಿ ಉಳ್ಕೋ ಅಂತ ಬಲವಂತ ಮಾಡ್ತಾರ, ಅವನು ಸತ್ತು ಎದ್ದು ಬಂದ ಯೇಸುವೇ ಅಂತ ಅವರಿಗೆ ಆಗ ಗೊತ್ತಿಲ್ಲ. ಲೈಟ್ ಆ ಮಾತನ್ನ ತಗೊಂಡು ಸಾಯೋ ಮನುಷ್ಯನ ಬಾಯಾಗ ಇಟ್ಟಾರ. ಇಲ್ಲಿ ಸಂಜೆ ಅಂದ್ರ ಆಯುಷ್ಯದ ಸಂಜೆ. ನನ್ನ ಮಟ್ಟಿಗೆ ಈ ಹಾಡಿನ ಗಟ್ಟಿತನ ಎಲ್ಲೈತಿ ಅಂದ್ರ, ರೋಗ ವಾಸಿಮಾಡು ಅಂತ ಒಂದು ಸಾಲಿನಾಗೂ ಕೇಳಂಗಿಲ್ಲ, ಜೋಡಿ ಇರು ಅಂತ ಮಾತ್ರ ಕೇಳ್ತಾರ. ವಿಮ್ಸ್ ಆಸ್ಪತ್ರೆ ವಾರ್ಡಿನಾಗ ರಾತ್ರಿ ರೋಗಿ ಪಕ್ಕ ಕೂತು ಬಂದೋರಿಗೆ ಇದರ ಬೆಲೆ ಗೊತ್ತು, ಅಲ್ಲಿ ಔಷಧ ಡಾಕ್ಟ್ರು ಕೊಡ್ತಾರ, ನಾವು ಕೊಡೋದು ಪಕ್ಕದಾಗ ಇರೋದೊಂದೇ. ಮೊದಲು ಎಂಟು ಚರಣ ಇದ್ವು, ಪುಸ್ತಕಗಳಾಗ ಸಾಮಾನ್ಯ ಐದು ಇರ್ತಾವ.

ಹಾಡು ಬರೆದೋರ ಜೀವನ ಯಾಕ ಬೇಕು, ಹಾಡು ಹಾಡಿದ್ರ ಸಾಲದಾ?

ಕೆಲವು ಹಾಡಿಗೆ ಸಾಲ್ತೈತಿ. ‘ಅಮೇಜಿಂಗ್ ಗ್ರೇಸ್’ಗೆ ಸಾಲಂಗಿಲ್ಲ ಅಂತೀನಿ. ಅದನ್ನ ಬರೆದ ಜಾನ್ ನ್ಯೂಟನ್ ಗುಲಾಮರನ್ನ ಸಾಗಿಸೋ ಹಡಗಿನ ಕ್ಯಾಪ್ಟನ್ ಆಗಿದ್ದೋರು. 1748ರಾಗ ಬಿರುಗಾಳಿಗೆ ಸಿಕ್ಕು ದೇವರ ಕಡೆ ತಿರುಗಿದ್ರು ಅಂತ ಎಲ್ಲಾ ಪ್ರಸಂಗದಾಗೂ ಹೇಳ್ತಾರ, ಅಲ್ಲಿಗೇ ನಿಲ್ಲಿಸ್ತಾರ. ಮುಂದಿಂದು ಹೇಳಂಗಿಲ್ಲ. ತಿರುಗಿದ ಮ್ಯಾಲೂ ಅವರು ಅದೇ ವ್ಯಾಪಾರ ಮಾಡ್ತಾ ಇದ್ರು, ಕ್ಯಾಪ್ಟನ್ ಆಗಿದ್ದೇ ಆಮ್ಯಾಲೆ! 1754ರಾಗ ಹಡಗು ಬಿಟ್ಟಿದ್ದೂ ಆರೋಗ್ಯ ಕೆಟ್ಟಿದ್ದಕ್ಕ. 1764ರಾಗ ಆಂಗ್ಲಿಕನ್ ಪಾದ್ರಿ ಆದ್ರು, ಓಲ್ನಿ ಅನ್ನೋ ಬಡ ಊರಿನಾಗ 1773ರ ಹೊಸ ವರ್ಷದ ಆರಾಧನೆಗಂತ ಈ ಹಾಡು ಬರ್ದ್ರು, 1779ರಾಗ ಅಚ್ಚಾತು. ಗುಲಾಮರ ವ್ಯಾಪಾರ ಪಾಪ, ನಾನೂ ಅದರಾಗ ಇದ್ದೆ ಅಂತ ಬಹಿರಂಗ ಬರೆದಿದ್ದು 1788ರಾಗ, ಹಡಗು ಬಿಟ್ಟು 34 ವರ್ಷಕ್ಕ. 1807ರಾಗ ಬ್ರಿಟಿಷ್ ಪಾರ್ಲಿಮೆಂಟು ಆ ವ್ಯಾಪಾರ ನಿಲ್ಲಿಸಿತು, ಅದೇ ವರ್ಷ ಡಿಸೆಂಬರಿನಾಗ ಅವರು ತೀರ್ಕೊಂಡ್ರು.

ಇದನ್ನ ಹೇಳಿದ್ರ ಹಾಡಿನ ಮರ್ಯಾದಿ ಕಮ್ಮಿ ಆಗ್ತೈತಿ ಅಂತ ಒಬ್ಬ ಹಿರಿಯರು ಅಂದ್ರು. ನನಗ ಹಂಗ ಅನ್ಸಂಗಿಲ್ಲ. ಕುರುಡನಾಗಿದ್ದೆ ಈಗ ಕಾಣ್ತೈತಿ ಅಂತ ಹಾಡಿದ ಮನುಷ್ಯನಿಗೆ ಆ ಹಾಡು ಬರಿಯೋ ಹೊತ್ತಿಗೂ ಪೂರ್ತಿ ಕಂಡಿರ್ಲಿಲ್ಲ. ನಮ್ಮ ಸಭೆಯಾಗೂ ಜಾತಿ ನೋಡಿ ಹೆಣ್ಣು ತರೋರು ಇದೇ ಹಾಡನ್ನ ಕಣ್ಣು ಮುಚ್ಚಿ ಹಾಡ್ತೀವಿ. ಧ್ಯಾನದಾಗ ಇದನ್ನ ನೆಟ್ಟಗ ಹೇಳ್ಬೇಕು, ನಾವು ಹೇಳ್ತೀವಿ.

ಇಂಡಿಯಾಕ್ಕ ಸಂಬಂಧ ಇರೋ ಹಳೇ ಹಾಡು ಯಾವುದಾದ್ರೂ ಐತಾ?

ತ್ರಯೈಕತ್ವದ ಭಾನುವಾರ (ತಂದೆ, ಮಗ, ಪವಿತ್ರಾತ್ಮ ಒಬ್ಬನೇ ದೇವರು ಅಂತ ನೆನೆಯೋ ದಿನ) ನಾವು ತಪ್ಪದೇ ಹಾಡೋ ‘ಪರಿಶುದ್ಧ, ಪರಿಶುದ್ಧ, ಪರಿಶುದ್ಧ’ ಹಾಡು ಇಂಗ್ಲಿಷಿನಾಗ ಬರೆದೋರು ರೆಜಿನಾಲ್ಡ್ ಹೀಬರ್. ಹಳ್ಳಿ ಪಾದ್ರಿ ಆಗಿದ್ದಾಗ ಬರ್ದಿದ್ದು. 1823ರಾಗ ಕಲ್ಕತ್ತಾದ ಬಿಷಪ್ ಆಗಿ ಬಂದ್ರು, ಆಗ ಇಡೀ ಇಂಡಿಯಾಕ್ಕೂ ಅವರೊಬ್ಬರೇ ಆಂಗ್ಲಿಕನ್ ಬಿಷಪ್. 1826ರ ಏಪ್ರಿಲ್ 3ಕ್ಕ ತಿರುಚಿನಾಪಳ್ಳಿಯಾಗ ತಮಿಳು ಸಭೆಯೋರಿಗೆ ದೃಢೀಕರಣ ಕೊಟ್ಟು ಬಂದು, ಸೆಕೆಗೆ ಸ್ನಾನಕ್ಕಿಳಿದೋರು ನೀರಿನಾಗೇ ತೀರ್ಕೊಂಡ್ರು, 42 ವರ್ಷ. ಸಮಾಧಿ ಅಲ್ಲೇ ಸೇಂಟ್ ಜಾನ್ಸ್ ಚರ್ಚಿನಾಗ ಐತಿ. ಹಾಡು ಪ್ರಕಟ ಆಗಿದ್ದು ಅವರು ಹೋದ ಮ್ಯಾಲೆ.

ಸತ್ಯವೇದದ ಪ್ರಕಟನೆ ಪುಸ್ತಕದ 4ನೇ ಅಧ್ಯಾಯದ ಸಿಂಹಾಸನದ ದರ್ಶನ ಅದರಾಗ ಐತಿ. ಎಲ್ಲಾ ಕಡೆ ಬೆಳಕು, ಕಿರೀಟ, ಗಾಜಿನಂಥ ಸಮುದ್ರ. ಮೂರನೇ ಚರಣಕ್ಕ ಬಂದಾಗ ಮಾತ್ರ ಕತ್ತಲು ನಿನ್ನನ್ನ ಮರೆಮಾಡಿದ್ರೂ, ಪಾಪಿ ಕಣ್ಣಿಗೆ ನಿನ್ನ ಮಹಿಮೆ ಕಾಣದಿದ್ರೂ ಅಂತ ತಿರುಗ್ತೈತಿ. ಅದನ್ನ ಹಾರಿಸಿಬಿಟ್ರ ಎಲ್ಲಾ ಕಂಡೋರಂಗ ಹಾಡಿ ಕೂತಂಗ ಆಗ್ತೈತಿ. ನಾನು ಚರಣ ಬಿಡಬ್ಯಾಡ್ರಿ ಅಂತ ಜಗಳ ಮಾಡೋದು ಇಂಥದ್ದಕ್ಕೇ.

ಇನ್ನೂ ಇಂಗ್ಲಿಷರ ಟ್ಯೂನೇ ಯಾಕ? ನಮ್ಮ ರಾಗದಾಗ ಹಾಡಬಾರದಾ?

ಹಾಡ್ತೀವಲ್ಲ. ಹಾರ್ಮೋನಿಯಂ, ತಬಲಾ, ತಾಳ ಇಟ್ಕೊಂಡು ಹಾಡೋ ಗೀತೆಗಳು ಪ್ರತಿ ವಾರ ಒಂದೆರಡು ಇರ್ತಾವ, ಭಜನೆ ಥರ ಒಬ್ಬರು ಹೇಳಿ ಎಲ್ಲಾರೂ ಹಿಂದ ಹೇಳೋದು. ಇದು ಹೊಸದೂ ಅಲ್ಲ, ಬಾಸೆಲ್ ಮಿಷನ್ನಿನ ಕಿಟೆಲ್ ಅವರು 1862ರಾಗೇ ಕ್ರಿಸ್ತನ ಚರಿತ್ರೆಯನ್ನ ಕನ್ನಡದ ಮಟ್ಟಿನಾಗ ಪದ್ಯ ಮಾಡಿ ‘ಕಥಾಮಾಲೆ’ ಅಂತ ಬರ್ದಿದ್ರು. ಅನುವಾದದ ಹಾಡಿನಾಗ ತೊಂದ್ರೆ ಇರೋದು ನಿಜ, ಕನ್ನಡದ ಶಬ್ದಗಳು ಉದ್ದ, ಇಂಗ್ಲಿಷ್ ಟ್ಯೂನಿನ ಸಾಲು ಗಿಡ್ಡ, ಹಂಗಾಗಿ ಎಳಿಬಾರದ ಕಡೆ ಎಳೀಬೇಕು, ಶಬ್ದದ ನಡುವೆ ಉಸಿರು ತಗೋಬೇಕು. ಆದ್ರ ಐದಾರು ತಲೆಮಾರು ಮಣ್ಣಿಗೆ ಇಟ್ಟಾಗ, ಮದುವಿ ಮಾಡಿದಾಗ ಹಾಡಿದ ಟ್ಯೂನು ಈಗ ನಮ್ಮದೇ, ಬಿಡು ಅಂದ್ರ ಬಿಡೋಕಾಗಂಗಿಲ್ಲ. ಎರಡೂ ಇರ್ಲಿ.

ಒಂದೇ ಹಾಡನ್ನ ಬ್ಯಾರೆ ಬ್ಯಾರೆ ಸಭೆಯಾಗ ಬ್ಯಾರೆ ಟ್ಯೂನಿನಾಗ ಹಾಡ್ತಾರಲ್ಲ?

ಹಾಡಿನ ಸಾಲಿಗೆ ಅಕ್ಷರದ ಲೆಕ್ಕ ಐತಿ. 8, 6, 8, 6 ಲೆಕ್ಕದ ಹಾಡಿಗೆ ಅದೇ ಲೆಕ್ಕದ ಯಾವ ಟ್ಯೂನ್ ಬೇಕಾದ್ರೂ ಕೂಡ್ತೈತಿ. ಕೀಬೋರ್ಡಿನೋರು ಬದಲಾದಾಗ ಟ್ಯೂನೂ ಬದಲಾಗೋದು ಅದಕ್ಕೇ.

ನನಗ ಹಾಡೋಕೆ ಬರಂಗಿಲ್ಲ, ಮುಜುಗರ ಆಗ್ತೈತಿ.

ಶ್ರುತಿ ತಪ್ಪಿದ್ರ ಪರವಾಗಿಲ್ಲ, ಬಾಯಿ ತೆಗೀರಿ. ಸಭೆ ಹಾಡೋಕೆ ಕ್ವಾಯರ್ ಇರೋದು, ಸಭೆ ಬದಲು ಹಾಡೋಕಲ್ಲ. ಮೈಕಿನ ಸೌಂಡ್ ಜಾಸ್ತಿ ಇಟ್ರ ಬೆಂಚಿನೋರು ಹಾಡೋದು ಬಿಡ್ತಾರ, ಅದಕ್ಕ ನಾವು ಕಮ್ಮಿ ಇಟ್ಟೀವಿ. ಪುಸ್ತಕ ಬಾಗಿಲ ಹತ್ರ ಸಿಗ್ತೈತಿ, ಹಾಡಿನ ನಂಬರು ಗ್ವಾಡಿ ಮ್ಯಾಲಿನ ಹಲಗಿಯಾಗ ಇರ್ತೈತಿ.

ಮೇಜಿನ ಬಟ್ಟಿ ಬಣ್ಣ ಆಗಾಗ ಬದಲಾಗ್ತೈತಲ್ಲ?

ಆಗಮನ ಕಾಲ (ಕ್ರಿಸ್‌ಮಸ್ ಮುಂಚಿನ ವಾರಗಳು), ಲೆಂಟ್‌ಗೆ (ಈಸ್ಟರ್ ಮುಂಚಿನ ಉಪವಾಸದ ಕಾಲಕ್ಕ) ನೇರಳೆ. ಕ್ರಿಸ್‌ಮಸ್, ಈಸ್ಟರ್‌ಗೆ ಬಿಳಿ. ಪೆಂಟೆಕೋಸ್ಟ್‌ಗೆ (ಪವಿತ್ರಾತ್ಮ ಇಳಿದು ಬಂದ ಹಬ್ಬಕ್ಕ) ಕೆಂಪು. ಉಳಿದ ಉದ್ದನೆಯ ಕಾಲಕ್ಕ ಹಸಿರು.

ಮಕ್ಕಳು ಗಲಾಟೆ ಮಾಡ್ತಾವ.

ಮಾಡ್ಲಿ. ಪಾಠ ಮುಗಿದ ಮ್ಯಾಲೆ ಸಂಡೇ ಸ್ಕೂಲಿಗೆ ಹೋಗ್ತಾವ, ಭೋಜನದ ಹೊತ್ತಿಗೆ ವಾಪಸ್.

ಕಾಣಿಕೆ ಎಷ್ಟು ಹಾಕ್ಬೇಕು?

ನಿಮ್ಮಿಷ್ಟ, ಹಾಕ್ಲೇಬೇಕು ಅಂತಿಲ್ಲ. ಹೊಸಬರಾದ್ರ ಚೀಲ ಮುಂದಕ್ಕ ದಾಟಿಸ್ರಿ.

ಹೆಣ್ಣುಮಕ್ಕಳು ಸಭಾಪಾಲಕರು ಆಗಬಹುದಾ?

ಆಗಬಹುದು, ಸಿಎಸ್‌ಐಯಾಗ 1970ರ ದಶಕದಿಂದ ಅದಾರ. ಮೊದಲ ಮಹಿಳಾ ಬಿಷಪ್ ಪುಷ್ಪ ಲಲಿತಾ ಅವರು 2013ರಾಗ ನಂದ್ಯಾಲಕ್ಕ ಬಂದ್ರು, ನಮ್ಮ ಪಕ್ಕದ ಸೀಮೆ.

ಸುಗ್ಗಿ ಹಬ್ಬಕ್ಕ ಏನು ತರ್ಬೇಕು?

ಮೊದಲ ಫಲ ಅಂತ ಏನಿದ್ರೂ. ಜೋಳದ ತೆನಿ, ಶೇಂಗಾ, ಬ್ಯಾಡಗಿ ಮೆಣಸಿನಕಾಯಿ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ, ಹೊಲ ಇಲ್ಲದೋರು ಮನ್ಯಾಗ ಮಾಡಿದ ಹೋಳಿಗಿ, ಜೀನ್ಸ್ ಹೊಲಿಯೋರು ತಾವು ಹೊಲಿದ ಪ್ಯಾಂಟು ತಂದಿದ್ದೂ ಐತಿ, ಎಲ್ಲಾ ಕರ್ತನ ಮೇಜಿನ ಮುಂದ ಇಡ್ತಾರ. ಆರಾಧನೆ ಆದ ಮ್ಯಾಲೆ ಅಂಗಳದಾಗ ಹರಾಜು. ಮಳಿ ಕೈಕೊಟ್ಟ ವರ್ಷಾನೂ ಹಬ್ಬ ಬಿಡಂಗಿಲ್ಲ. ಕಾಲುವೆ ನೀರು ಬಾರದೇ ಭತ್ತ ಒಣಗಿದ ವರ್ಷ ಸುಗ್ಗಿ ಹಾಡು ಹಾಡೋದು ಹೆಂಗ ಅಂತ ಕೇಳಿದ್ರು. ಆ ವರ್ಷ ಹಬಕ್ಕೂಕ 3ನೇ ಅಧ್ಯಾಯದ ಕಡೇ ವಚನಗಳನ್ನ ಹಾಡಿನ ಜೋಡಿ ಓದಿದ್ವಿ, ಅಂಜೂರ ಚಿಗುರದಿದ್ರೂ, ಹೊಲ ಆಹಾರ ಕೊಡದಿದ್ರೂ, ಕೊಟ್ಟಿಗಿಯಾಗ ದನ ಇಲ್ಲದಿದ್ರೂ ಅಂತ ಬರ್ತಾವಲ್ಲ ಅವು. ರೈತರು ಅತ್ರು, ಆಮ್ಯಾಲೆ ಹಾಡಿದ್ರು.

ನಾನೂ ಸಂಗೀತ ಧ್ಯಾನ ಮಾಡಬಹುದಾ? ಹೆಂಗ ತಯಾರಾಗೋದು?

ಮಾಡಬಹುದು, ದೇವರ ಶಾಸ್ತ್ರ ಓದಿರ್ಬೇಕು ಅಂತೇನಿಲ್ಲ, ಗೃಹಿಣಿಯರು, ಡಿಗ್ರಿ ಹುಡುಗ್ರು, ರಿಟೈರ್ಡ್ ರೈಲ್ವೆಯೋರು ಎಲ್ಲಾ ಮಾಡ್ಯಾರ. ಗುರುವಾರ ಹಾಡುಗಳ ಪಟ್ಟಿ ವಾಟ್ಸಾಪಿಗೆ ಬರ್ತೈತಿ. ಮೊದಲು ಹಾಡನ್ನ ಟ್ಯೂನಿಲ್ಲದೇ ಸುಮ್ನ ಓದ್ರಿ, ಜೋರಾಗಿ, ಪತ್ರ ಓದಿದಂಗ. ಟ್ಯೂನ್ ತೆಗೆದ್ರ ಎಷ್ಟೋ ವರ್ಷದಿಂದ ಹಾಡಿದ ಸಾಲೂ ಹೊಸದಾಗಿ ಕೇಳ್ತೈತಿ. ಯಾರು ಯಾರಿಗೆ ಮಾತಾಡ್ತಾರ ನೋಡ್ರಿ, ನಾನು ಅಂತಾರಾ ನಾವು ಅಂತಾರಾ, ದೇವರಿಗೆ ಹೇಳ್ತಾರಾ ಒಬ್ಬರಿಗೊಬ್ಬರು ಹೇಳ್ತಾರಾ. ಎಲ್ಲಿ ಮಾತು ತಿರುಗ್ತೈತಿ ಅಲ್ಲಿ ಗೆರಿ ಹಾಕ್ರಿ. ಹಾಡಿನ ಹಿಂದಿನ ವಚನ ಹುಡುಕ್ರಿ, ಆ ಅಧ್ಯಾಯ ಪೂರ್ತಿ ಓದ್ರಿ. ಬರೆದೋರ ಕಥಿ ಎರಡು ಮಾತು ಸಾಕು, ಫೋನಿನಾಗ ಹರಿದಾಡೋ ಕಣ್ಣೀರಿನ ಕಥಿಗಳನ್ನ ಪರೀಕ್ಷೆ ಮಾಡದೇ ಹೇಳಬ್ಯಾಡ್ರಿ, ಭಾಳ ಸುಳ್ಳು ಇರ್ತಾವ. ನಿಮಗ ಒಪ್ಪಿಗಿ ಆಗದ ಸಾಲು ಇದ್ರ ಅದನ್ನೂ ಹೇಳ್ರಿ, ಹೀಬರ್ ಅವರದ್ದೇ ಇನ್ನೊಂದು ಮಿಷನರಿ ಹಾಡಿನಾಗ ನಮ್ಮಂಥ ದೇಶದೋರ ಬಗ್ಗೆ ಹೀನಾಯದ ಮಾತು ಐತಿ, ಅದನ್ನ ನಾವು ಹಾಡಂಗಿಲ್ಲ, ಯಾಕ ಅಂತ ಒಂದು ಭಾನುವಾರ ಮಾತಾಡೀವಿ.

ಐದು ನಿಮಿಷ ದಾಟಬಾರದು. ಹೆಸರು ಕೊಡೋಕೆ ಆರಾಧನೆ ಮುಗಿದ ಮ್ಯಾಲೆ ಕೀಬೋರ್ಡಿನ ಹತ್ರ ಬರ್ರಿ, ಲೆಂಟಿನ ಭಾನುವಾರಗಳು ಇನ್ನೂ ಖಾಲಿ ಅದಾವ, ಹೆಣ್ಣುಮಕ್ಕಳು ಹೆಸರು ಕೊಟ್ರ ಭಾಳ ಖುಷಿ.